ಮತ ಬದಲಿಸದೆ ಮದುವೆ: ವಿಶೇಷ ವಿವಾಹ ಕಾಯ್ದೆಯ ದಾರಿಯಲ್ಲಿ ನಮ್ಮ ಎರಡೂವರೆ ತಿಂಗಳು

ಜುಲೈ 21ಕ್ಕೆ ನಮ್ಮ ಮದುವೆ ಆಯಿತು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಮಧ್ಯಾಹ್ನ ಒಂದೂವರೆಗೆ, ಮೂವರು ಸಾಕ್ಷಿಗಳ ಮುಂದೆ. ನಾನು ಲಿಂಗಾಯತರ ಮನೆಯವಳು. ಇವನು ಮುಸ್ಲಿಂ. ಮದುವೆಗೆ ಮುಂಚೆ ನಾವು ಏನಾಗಿದ್ದೆವೋ ಈಗಲೂ ಅದೇ ಆಗಿದ್ದೇವೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಇವನನ್ನು ಇವನು ಅಂತಲೇ ಕರೆಯುತ್ತೇನೆ.

ಮೊದಲ ಸಲ ಕಚೇರಿ ಮೆಟ್ಟಿಲು ಹತ್ತಿದ್ದು ಮೇ 14ಕ್ಕೆ. ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಜುಲೈ ತಿಂಗಳು ಮುಗಿಯುತ್ತಾ ಬಂದಿತ್ತು. ಈ ನಡುವೆ ಪಟ್ಟ ಕಷ್ಟದಲ್ಲಿ ಅರ್ಧ, ಗೊತ್ತಿಲ್ಲದೆ ಪಟ್ಟದ್ದು. ಯಾರಾದರೂ ಮೊದಲೇ ಹೇಳಿದ್ದರೆ ತಪ್ಪುತ್ತಿತ್ತು. ನಿಮ್ಮಲ್ಲಿ ಯಾರೋ ಇಬ್ಬರು ಈಗ ಇದೇ ದಾರಿಯಲ್ಲಿ ಇರಬಹುದು ಅನ್ನುವ ಯೋಚನೆಯಿಂದ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನನ್ನ ಊರು ಹರಿಹರದ ಕಡೆ. ಇವನದು ತುಮಕೂರು. ಇಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ಆರು ವರ್ಷದ ಪರಿಚಯ. ಮನೆಯಲ್ಲಿ ವಿಷಯ ಹೇಳಿ ಎರಡು ವರ್ಷ ಕಾದೆವು. ಇವನ ಮನೆಯವರು ಅರ್ಧ ಮನಸ್ಸಿನಿಂದ ಒಪ್ಪಿದರು. ನಮ್ಮ ಮನೆಯಲ್ಲಿ ಆ ಮಾತೇ ನಿಂತುಹೋಯಿತು. ಎಲ್ಲಿಗೋ ಓಡಿಹೋಗಿ ಆಗುವುದು ಬೇಡ, ಕಾನೂನಿನ ಪ್ರಕಾರ ಎಲ್ಲರಿಗೂ ಕಾಣುವ ಹಾಗೆ ಆಗೋಣ ಅಂತ ಕೊನೆಗೆ ತೀರ್ಮಾನ ಮಾಡಿದೆವು.

ಆದರೆ ಯಾವ ಕಾನೂನು? ಒಬ್ಬೊಬ್ಬರು ಒಂದೊಂದು ಹೇಳಿದರು. ಆಫೀಸಿನ ಗೆಳತಿ, "ಸುಮ್ನೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ರಿಜಿಸ್ಟರ್ ಮಾಡಿಸಿಬಿಡಿ, ಅರ್ಧ ದಿನದ ಕೆಲಸ" ಅಂದಳು. ಅದು ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ನಿಲ್ಲಬೇಕಾದರೆ ಇಬ್ಬರೂ ಆ ಕಾಯ್ದೆ ಹೇಳುವ ಅರ್ಥದಲ್ಲಿ ಹಿಂದೂಗಳಾಗಿರಬೇಕು. ಬೌದ್ಧರು, ಜೈನರು, ಸಿಖ್ಖರು, ಲಿಂಗಾಯತರು ಅದರೊಳಗೆ ಬರುತ್ತಾರೆ. ಮುಸ್ಲಿಂ, ಕ್ರೈಸ್ತರು ಬರುವುದಿಲ್ಲ. ಹಿಂದೂ ಮತ್ತು ಕ್ರೈಸ್ತ ಜೋಡಿಯೊಂದು ಹಾಗೆ ದೇವಸ್ಥಾನದಲ್ಲಿ ಆಗಿ ರಿಜಿಸ್ಟರ್ ಕೂಡ ಮಾಡಿಸಿಕೊಂಡಿದ್ದ ಮದುವೆಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಲಿಲ್ಲ. ಕೈಯಲ್ಲಿ ಸರ್ಟಿಫಿಕೇಟ್ ಇದ್ದರೂ ಮದುವೆ ಇಲ್ಲ ಅಂದ ಹಾಗಾಯಿತು. ಅರ್ಧ ದಿನದ ಕೆಲಸ ಅಂತ ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಇವನ ಮಾಮು ಒಬ್ಬರು ನಿಕಾಹ್ ಮಾಡಿಸೋಣ ಅಂದರು. ಅದಕ್ಕೆ ನಾನು ಇಸ್ಲಾಂ ಒಪ್ಪಬೇಕು. "ಹೆಸರಿಗೆ ಮಾತ್ರ ಮಗಳೇ, ಆಮೇಲೆ ಮನೆಯಲ್ಲಿ ನೀನು ಹೇಗೆ ಬೇಕಾದರೂ ಇರು" ಅಂತ ಅವರು ಪ್ರೀತಿಯಿಂದಲೇ ಹೇಳಿದರು. ಅವರ ಮೇಲೆ ನನಗೆ ಸ್ವಲ್ಪವೂ ಬೇಸರವಿಲ್ಲ. ಆದರೆ ನನ್ನ ಕೊರಳಲ್ಲಿ ಲಿಂಗ ಇದೆ. ಅಜ್ಜಿ ಇದ್ದಾಗ ಕಟ್ಟಿಸಿದ್ದು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಟ್ಟುಕೊಂಡು ಕೂರದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಹೆಸರಿಗೆ ಮಾತ್ರ ಬೇರೆ ಮತಕ್ಕೆ ಸೇರುವುದು ನನ್ನ ನಂಬಿಕೆಗೂ ಅವಮಾನ, ಇವನ ನಂಬಿಕೆಗೂ ಅವಮಾನ ಅಂತ ನನಗೆ ಅನಿಸಿತು. ಇವನು ಪ್ರತಿ ವರ್ಷ ರಂಜಾನಿನಲ್ಲಿ ರೋಜಾ, ಅಂದರೆ ಉಪವಾಸ, ಹಿಡಿಯುವವನು. "ನೀನು ನನಗೋಸ್ಕರ ಸುಳ್ಳು ಶಪಥ ಮಾಡೋದು ನನಗೂ ಬೇಡ" ಅಂದ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಡಿಸಿ ಆಫೀಸಿಗೆ ಅರ್ಜಿ ಕೊಟ್ಟಿರಾ ಅಂತ ನಮ್ಮನ್ನು ಕನಿಷ್ಠ ಐದು ಜನ ಕೇಳಿದರು. ಅವರು ಹೇಳುತ್ತಿದ್ದದ್ದು 2022ರಲ್ಲಿ ಕರ್ನಾಟಕದಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ವಿಷಯ. ಜನ ಮತಾಂತರ ನಿಷೇಧ ಕಾಯ್ದೆ ಅಂತ ಕರೆಯುವುದು ಅದನ್ನೇ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು ಅಂತ ಆ ಕಾಯ್ದೆ ಹೇಳಿತು. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು. ನಿಮ್ಮಲ್ಲಿ ಯಾರಾದರೂ ನಿಜವಾಗಿ ಮತ ಬದಲಿಸುವವರಿದ್ದರೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ. ಆದರೆ ಯಾರೂ ಮತ ಬದಲಿಸದೆ ಆಗುವ ಮದುವೆಗೆ ಡಿಸಿ ಆಫೀಸಿನ ಅರ್ಜಿ ಬೇಕಿಲ್ಲ. ಅದಕ್ಕೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇದರಡಿ ಮದುವೆಯಾಗುತ್ತೇವೆ ಅಂತ ಮೊದಲು ನೋಟಿಸ್ ಕೊಟ್ಟು, ಆಮೇಲೆ 30 ದಿನ ಕಾಯಬೇಕು.

ಕಾಯುವ ದಿನಗಳಲ್ಲಿ ಈ ಕಾಯ್ದೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಇದರ ಹಳೆಯ ರೂಪ 1872ರದ್ದು, ಬ್ರಿಟಿಷರ ಕಾಲದ್ದು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಒತ್ತಾಯಿಸಿದ್ದರಿಂದ ಬಂದದ್ದು. ಆದರೆ ಆಗ ಮದುವೆಯಾಗುವವರು, ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತನೂ ಅಲ್ಲ ಅಂತ ಬರೆದುಕೊಡಬೇಕಿತ್ತು. ಅಂದರೆ ಒಬ್ಬರನ್ನೊಬ್ಬರು ಪಡೆಯಲು ಇಬ್ಬರೂ ತಮ್ಮ ತಮ್ಮ ದೇವರನ್ನು ಬಿಡಬೇಕಿತ್ತು. 1954ರಲ್ಲಿ ಸ್ವತಂತ್ರ ಭಾರತ ಆ ಷರತ್ತನ್ನು ತೆಗೆಯಿತು. ನಾನು ಲಿಂಗ ಕಟ್ಟಿಕೊಂಡೇ ಆ ಕುರ್ಚಿಯಲ್ಲಿ ಕೂರಬಹುದು ಅಂತ ಓದಿದ ರಾತ್ರಿ ನನಗೆ ಅಳು ಬಂತು.

ಸರಿ, ಮೇ 14. ಇಬ್ಬರೂ ಅರ್ಧ ದಿನ ರಜೆ ಹಾಕಿ ಹೋದೆವು. ಒಳಗೆ ಸೈಟು, ಫ್ಲ್ಯಾಟು ನೋಂದಣಿಗೆ ಬಂದವರ ನೂಕುನುಗ್ಗಲು. ಮದುವೆ ವಿಭಾಗ ಅಂತ ಬೇರೆ ಬೋರ್ಡು ಇರಲಿಲ್ಲ. ಮೂರು ಟೇಬಲ್ ಸುತ್ತಿದ ಮೇಲೆ ಒಬ್ಬ ಗುಮಾಸ್ತರು ಕಾಗದಗಳನ್ನು ನೋಡಿ ಎರಡು ತಪ್ಪು ತೋರಿಸಿದರು.

ಒಂದು, ವಿಳಾಸದ ದಾಖಲೆ. ಯಾವ ಜಿಲ್ಲೆಯಲ್ಲಿ ಅರ್ಜಿ ಕೊಡುತ್ತೀರೋ ಅಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಹಿಂದಿನ 30 ದಿನ ವಾಸ ಇದ್ದಿರಬೇಕು. ನಾವು ಬೆಂಗಳೂರಿನಲ್ಲಿ ಆರೇಳು ವರ್ಷದಿಂದ ಇದ್ದೇವೆ. ಆದರೆ ಅದನ್ನು ತೋರಿಸುವ ಕಾಗದ ಇರಲಿಲ್ಲ. ನಾನು ಅಲ್ಲಿಯವರೆಗೆ ಪಿಜಿಯಲ್ಲಿದ್ದೆ, ಪಿಜಿಯವರು ಕರಾರುಪತ್ರ ಕೊಡುವುದಿಲ್ಲ. ಏಪ್ರಿಲ್ 25ಕ್ಕೆ ಬಾಡಿಗೆ ಮನೆಗೆ ಬಂದಿದ್ದೆ, ಇನ್ನೂ 30 ದಿನ ತುಂಬಿರಲಿಲ್ಲ. ಇವನ ಕರಾರು ಮಾರ್ಚ್‌ನಲ್ಲೇ ಮುಗಿದಿತ್ತು, ನವೀಕರಿಸಿರಲಿಲ್ಲ. ಆಧಾರ್ ಇಬ್ಬರದ್ದೂ ಊರಿನ ವಿಳಾಸದಲ್ಲಿ. ಹಾಗಾಗಿ ನನ್ನ 30 ದಿನ ತುಂಬುವವರೆಗೆ ಕಾಯಲೇಬೇಕಾಯಿತು. ಮದುವೆಯ ಯೋಚನೆ ಬಂದ ತಿಂಗಳೇ ಬಾಡಿಗೆ ಕರಾರನ್ನು ಸರಿ ಮಾಡಿಟ್ಟುಕೊಳ್ಳಿ. ನಮಗೆ ಮೂರು ವಾರ ಹೋದದ್ದು ಈ ಒಂದು ಕಾಗದಕ್ಕೆ.

ಇನ್ನೊಂದು, ಹೆಸರು. ನನ್ನ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಆಧಾರ್‌ನಲ್ಲಿ ಅಪ್ಪಾಜಿಯ ಪೂರ್ತಿ ಹೆಸರು ಸೇರಿದೆ. ಎರಡೂ ನಾನೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಇದರ ಜೊತೆ, ನನಗೆ ಈಗಾಗಲೇ ಮದುವೆ ಆಗಿಲ್ಲ ಅಂತ ಇಬ್ಬರದ್ದೂ ಬೇರೆ ಬೇರೆ ಅಫಿಡವಿಟ್. ವಯಸ್ಸಿಗೆ ಎಸ್ಎಸ್ಎಲ್‌ಸಿ ಕಾರ್ಡು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಪಾಸ್‌ಪೋರ್ಟ್ ಅಳತೆಯ ಫೋಟೊ ಕೇಳಿದ್ದಕ್ಕಿಂತ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ.

ಹೊರಗೆ ಬಂದಾಗ ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬ ಮಧ್ಯವರ್ತಿ ಸಿಕ್ಕಿದ. ನಮ್ಮ ಮುಖ ನೋಡಿಯೇ ಗೊತ್ತಾಗಿತ್ತೇನೋ. "ಇಂಟರ್‌ಕಾಸ್ಟಾ ಮೇಡಂ? 30 ದಿನ ಯಾಕೆ ಕಾಯ್ತೀರಾ, ಹಳೇ ತಾರೀಖಿನ ನೋಟಿಸ್ ಮಾಡಿಸಿಕೊಡ್ತೀನಿ, 25 ಸಾವಿರ" ಅಂದ. ಒಂದು ಕ್ಷಣ ನನಗೆ ಆಸೆ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ. ಇವನು ಬೇಡ ಅಂದ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಮೊದಲು ನೋಡುವುದೇ ನೋಟಿಸಿನ ತಾರೀಖನ್ನು. ಅಲ್ಲಿ ಸುಳ್ಳಿದ್ದರೆ ನಾವು ಕಟ್ಟಿಕೊಂಡದ್ದೆಲ್ಲ ಅಲುಗಾಡುತ್ತದೆ. ಮುಂದೆ ನಮ್ಮ ಮದುವೆಗೆ ನಿಜವಾಗಿಯೂ ಆಕ್ಷೇಪಣೆ ಬಂದಾಗ, ಆ ದಿನ ಬೇಡ ಅಂದದ್ದೇ ನಮ್ಮನ್ನು ಕಾಪಾಡಿತು.

ನೋಂದಣಿ ಇಲಾಖೆಯ ವೆಬ್‌ಸೈಟ್ ಆದ ಕಾವೇರಿ ಪೋರ್ಟಲ್‌ನಲ್ಲಿ ವಿವರ ತುಂಬಿ, ಪ್ರತಿ ತೆಗೆದುಕೊಂಡು ಬನ್ನಿ ಅಂದಿದ್ದರು. ಎರಡು ಸಂಜೆ ಸರ್ವರ್ ಕೈಕೊಟ್ಟಿತು. ಓಟಿಪಿ ಬರುವಷ್ಟರಲ್ಲಿ ಪುಟ ಮುಚ್ಚಿಹೋಗುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಎದ್ದು ಮಾಡಿದಾಗ ಸಲೀಸಾಗಿ ಆಯಿತು.

ಜೂನ್ 3ಕ್ಕೆ ನೋಟಿಸ್ ಕೊಟ್ಟೆವು. ವಿವಾಹಾಧಿಕಾರಿ ಒಬ್ಬ ಮೇಡಂ. ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿ, "ಯೋಚನೆ ಮಾಡಿದ್ದೀರಾ?" ಅಂದರು. ಹೂಂ ಅಂದೆವು. ನಮ್ಮ ನೋಟಿಸನ್ನು ವಿವಾಹ ನೋಟಿಸ್ ಪುಸ್ತಕದಲ್ಲಿ ದಾಖಲಿಸಿ, ಒಂದು ಪ್ರತಿಯನ್ನು ಬೋರ್ಡಿಗೆ ಹಾಕಿಸಿದರು. ಆ ಪುಸ್ತಕವನ್ನು ಯಾರು ಬೇಕಾದರೂ ಬಂದು, ದುಡ್ಡು ಕೊಡದೆ ನೋಡಬಹುದು ಅಂತ ಕಾಯ್ದೆಯಲ್ಲೇ ಇದೆ. ಅಂದಿನಿಂದ 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು.

ಆ ಕಾಗದದಲ್ಲಿ ನಮ್ಮ ಹೆಸರು, ವಯಸ್ಸು, ಉದ್ಯೋಗ, ಈಗಿನ ವಿಳಾಸ, ಊರಿನ ವಿಳಾಸ ಎಲ್ಲ ಇದ್ದವು. ಸೈಟು ಕೊಳ್ಳಲು ಬಂದವರು, ಟೋಕನ್ ಹಿಡಿದು ಕೂತವರು ಹೊತ್ತು ಹೋಗದೆ ಅದನ್ನು ಓದುತ್ತಿದ್ದರು. ಮೊದಲ ದಿನವೇ ಒಬ್ಬ ಹುಡುಗ ಮೊಬೈಲ್ ಎತ್ತಿ ಅದರ ಫೋಟೊ ತೆಗೆದದ್ದನ್ನು ನಾನು ನೋಡಿದೆ. ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅದನ್ನು ಹಿಡಿದುಕೊಂಡು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ, ಜೋಡಿ ಬೇಕು ಅಂದರೆ ಮಾತ್ರ ನೋಟಿಸ್ ಪ್ರಕಟಿಸಿದರೆ ಸಾಕು ಅಂದಿತು. ನಾನು ಆ ತೀರ್ಪಿನ ಪ್ರಿಂಟ್ ತೆಗೆದುಕೊಂಡು ಹೋಗಿ ಮೇಡಂಗೆ ತೋರಿಸಿದೆ. ಅವರು ಓದಿದರು, ಆದರೆ ಅದು ಉತ್ತರ ಪ್ರದೇಶದ ಹೈಕೋರ್ಟಿನದು, ಇಲ್ಲಿ ಕಾಯ್ದೆಯಲ್ಲಿ ಇರುವ ಹಾಗೆ ಮಾಡಬೇಕು ಅಂದರು. ಒಂದೇ ಮತದವರು ಹಿಂದೂ ವಿವಾಹ ಕಾಯ್ದೆಯಡಿ ಆಗುವಾಗ ಈ ಬೋರ್ಡು ಇಲ್ಲ, 30 ದಿನ ಇಲ್ಲ. ಮತ ಬೇರೆ ಆದವರಿಗೆ ಮಾತ್ರ ಯಾಕೆ ಅನ್ನುವ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಸರ್ಕಾರ ನಮ್ಮಿಬ್ಬರ ನಂಬಿಕೆಯನ್ನೂ ಹಾಗೇ ಉಳಿಸಿಕೊಳ್ಳಲು ಬಿಟ್ಟಿತು, ಅದಕ್ಕೆ ನಾನು ಋಣಿ. ಆದರೆ ಅದಕ್ಕೆ ಬದಲಾಗಿ ನಮ್ಮ ಮನೆ ವಿಳಾಸವನ್ನು ಗೋಡೆಗೆ ಅಂಟಿಸಿತು.

ಈಗ ಹೇಳುವುದು ಯಾರೂ ನಮಗೆ ಹೇಳದಿದ್ದ ವಿಷಯ. ಸೆಕ್ಷನ್ 6ರಲ್ಲಿ ಇದೆ. ಮದುವೆಯಾಗುವವರ ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿ ಇದ್ದರೆ, ನೋಟಿಸಿನ ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗುತ್ತದೆ. ಅಲ್ಲಿಯ ಬೋರ್ಡಿನ ಮೇಲೂ ಬೀಳುತ್ತದೆ. ಬೆಂಗಳೂರಿನಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದ ನಮಗೆ ಇದು ಗೊತ್ತಾದದ್ದು ಜೂನ್ 16ರ ಬೆಳಿಗ್ಗೆ, ಅವ್ವನ ಫೋನಿನಿಂದ.

"ನಿನ್ನ ಹೆಸರು ಬೋರ್ಡಿನಾಗೆ ಹಾಕ್ಯಾರಂತೆ, ಹೌದೇನೇ?" ಅಂದಳು ಅವ್ವ. ಜಮೀನಿನ ಕೆಲಸಕ್ಕೆ ಕಚೇರಿಗೆ ಹೋಗಿದ್ದ ನಮ್ಮೂರಿನವರೊಬ್ಬರು ನೋಡಿ ಬಂದು ಹೇಳಿದ್ದರು. ಹೌದು ಅಂದೆ. "ನಮಗೆ ಹೇಳೋಕಿಂತ ಮುಂಚೆ ಊರಿಗೆಲ್ಲ ಹೇಳಿದ್ಯಲ್ಲ" ಅಂದಳು. ಅಷ್ಟೇ. ಫೋನ್ ಇಟ್ಟಳು. ಎರಡು ವರ್ಷದಿಂದ ಹೇಳುತ್ತಲೇ ಇದ್ದೆ ನಿಜ. ಆದರೆ ತಾರೀಖು ಹೇಳಿರಲಿಲ್ಲ, ನೋಟಿಸ್ ಕೊಟ್ಟಿದ್ದೇನೆ ಅಂತ ಹೇಳಿರಲಿಲ್ಲ. ನಿಮ್ಮ ಮನೆಯವರಿಗೆ ಹೇಳುವುದಿದ್ದರೆ ನೋಟಿಸ್ ಕೊಡುವ ದಿನವೇ ಹೇಳಿ. ಬೋರ್ಡಿನಿಂದ ಗೊತ್ತಾಗುವ ನೋವು ಬೇರೆಯೇ.

ಅದಾದ ಮೂರನೇ ದಿನ ಗುರುತಿಲ್ಲದ ಇಬ್ಬರು ನನ್ನ ಬಾಡಿಗೆ ಮನೆಗೆ ಬಂದು, ಓನರ್ ಆಂಟಿಯ ಹತ್ತಿರ ನನ್ನ ಬಗ್ಗೆ ವಿಚಾರಿಸಿ ಹೋದರು. ಯಾರು, ಯಾವ ಕಡೆಯವರು ಅಂತ ಹೇಳಲಿಲ್ಲ. ಆಂಟಿ ಹೆದರಿದರು. "ನೀನು ಒಳ್ಳೆ ಹುಡುಗಿನೇ ಕಣಮ್ಮ, ಆದ್ರೆ ಮದುವೆ ಮುಗಿಯೋವರೆಗೂ ಬೇರೆ ಕಡೆ ಇರ್ತೀಯಾ?" ಅಂದರು. ನಾನು ಗೆಳತಿಯ ಮನೆಗೆ ಹೋದೆ. ಅಲ್ಲಿಂದಲೇ ಒಬ್ಬ ವಕೀಲೆಯನ್ನು ಕಂಡೆವು. ಮೊದಲೇ ಹೋಗಬೇಕಿತ್ತು.

ಅವರು ಮಾಡಿಸಿದ ಮೊದಲ ಕೆಲಸ, ಪೊಲೀಸ್ ಠಾಣೆಗೆ ಒಂದು ಪತ್ರ. ನಾವಿಬ್ಬರೂ ವಯಸ್ಕರು, ಇಂಥ ತಾರೀಖಿಗೆ ನೋಟಿಸ್ ಕೊಟ್ಟಿದ್ದೇವೆ, ಹೀಗೆ ಅಪರಿಚಿತರು ಬಂದಿದ್ದರು, ರಕ್ಷಣೆ ಬೇಕಾದೀತು ಅಂತ. ಜೊತೆಗೆ ನೋಟಿಸಿನ ಪ್ರತಿ. ಜಾತಿ ಮತ ಮೀರಿ ಮದುವೆಯಾಗುವ ವಯಸ್ಕರಿಗೆ ಯಾರೂ ತೊಂದರೆ ಕೊಡದ ಹಾಗೆ ಪೊಲೀಸರು ನೋಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಲತಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಯಸ್ಕರು ತಮಗೆ ಇಷ್ಟವಾದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು ಅಂತ ನಮ್ಮ ಕರ್ನಾಟಕ ಹೈಕೋರ್ಟೇ 2020ರ ನವೆಂಬರ್‌ನಲ್ಲಿ ಹೇಳಿದೆ. ಇವೆರಡನ್ನೂ ಪತ್ರದಲ್ಲಿ ಸೇರಿಸಿದರು. ಠಾಣೆಯಲ್ಲಿ ಪತ್ರ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಸೀಲು, ಸಹಿ, ತಾರೀಖು ಇರುವ ಆ ಪ್ರತಿಯನ್ನು ಇಬ್ಬರೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಓಡಾಡಿದೆವು.

ಜೂನ್ 27ಕ್ಕೆ, ಇನ್ನೇನು ಒಂದು ವಾರ ಅನ್ನುವಾಗ, ಮೇಡಂ ಕಚೇರಿಯಿಂದ ಫೋನ್ ಬಂತು. ಆಕ್ಷೇಪಣೆ ಬಂದಿದೆ. ಕೊಟ್ಟವರು ನನ್ನ ದೊಡ್ಡಪ್ಪ.

ದೊಡ್ಡಪ್ಪ ಅಂದರೆ ನನಗೆ ಯಾರೋ ದೂರದವರಲ್ಲ. ನನ್ನ ಡಿಗ್ರಿ ಮೂರು ವರ್ಷದ ಫೀಸು ಕಟ್ಟಿದವರು. ಪೇಟೆಗೆ ಹೋದರೆ ನನಗೆ ಅಂತಲೇ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಿದ್ದವರು. ಅವರು ಮೂರು ಕಾರಣ ಬರೆದಿದ್ದರು. ಹುಡುಗ ಬೇರೆ ಮತದವನು. ಹುಡುಗಿಯ ಮೇಲೆ ಒತ್ತಾಯ ಇದೆ. ಹುಡುಗಿಗೆ ಮಾನಸಿಕ ಕಾಯಿಲೆ ಇದೆ, ಚಿಕಿತ್ಸೆ ಆಗಿದೆ.

ಮೂರನೆಯದನ್ನು ಓದಿದಾಗ ಕೈ ನಡುಗಿತು. ನಾಲ್ಕು ವರ್ಷದ ಹಿಂದೆ, ಕೆಲಸದ ಒತ್ತಡದಲ್ಲಿ ನಿದ್ದೆ ಬಾರದೆ, ಎದೆ ಹೊಡೆದುಕೊಂಡು, ಎಂಟು ತಿಂಗಳು ನಾನು ಮನೋವೈದ್ಯರ ಹತ್ತಿರ ಔಷಧಿ ತೆಗೆದುಕೊಂಡಿದ್ದೆ. ಅದನ್ನು ಮನೆಯಲ್ಲಿ ನಂಬಿ ಹೇಳಿಕೊಂಡಿದ್ದೆ. ಅದೇ ಈಗ ಸರ್ಕಾರಿ ಪುಸ್ತಕದಲ್ಲಿ ಬರವಣಿಗೆಯಾಗಿ ಕೂತಿತ್ತು.

ವಕೀಲೆ ಸಮಾಧಾನ ಮಾಡಿ ವಿವರಿಸಿದರು. ಆಕ್ಷೇಪಣೆಗೆ ಯಾವ ಕಾರಣ ಬೇಕಾದರೂ ನಡೆಯುವುದಿಲ್ಲ. ಸೆಕ್ಷನ್ 4ರಲ್ಲಿ ಇರುವ ಷರತ್ತು ಮುರಿದಿದ್ದರೆ ಮಾತ್ರ. ಇಬ್ಬರಲ್ಲಿ ಯಾರಿಗಾದರೂ ಬದುಕಿರುವ ಗಂಡ ಅಥವಾ ಹೆಂಡತಿ ಇರುವುದು, ವಯಸ್ಸು ತುಂಬದಿರುವುದು, ಮದುವೆಯಾಗಬಾರದ ಹತ್ತಿರದ ಸಂಬಂಧ, ಒಪ್ಪಿಗೆ ಕೊಡಲಾಗದಷ್ಟು ಅಥವಾ ಮದುವೆಗೆ ತಕ್ಕವರಲ್ಲ ಅನ್ನುವಷ್ಟು ಮಾನಸಿಕ ಅಸ್ವಸ್ಥತೆ. ಮತ ಬೇರೆ ಅನ್ನುವುದು ಕಾರಣವೇ ಅಲ್ಲ, ಈ ಕಾಯ್ದೆ ಇರುವುದೇ ಅದಕ್ಕೆ. ಅಪ್ಪ ಅಮ್ಮ ಒಪ್ಪಿಲ್ಲ ಅನ್ನುವುದೂ ಕಾರಣವಲ್ಲ. ಮೂರನೆಯದಕ್ಕೆ ಮಾತ್ರ ಕಾಗದದ ಉತ್ತರ ಬೇಕು. ಹಿಂದೆ ಆತಂಕಕ್ಕೆ ಔಷಧಿ ತೆಗೆದುಕೊಂಡವರೆಲ್ಲ ಮದುವೆಗೆ ಅನರ್ಹರು ಅಂತ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಇದನ್ನು ಓದುವ ಯಾರಿಗಾದರೂ ಆ ಭಯ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಹಳೆಯ ವೈದ್ಯರನ್ನೇ ಹುಡುಕಿಕೊಂಡು ಹೋದೆ. ಅವರು ಹಳೆಯ ಫೈಲು ತೆಗೆದು, ಆಗ ಇದ್ದದ್ದು ಏನು, ಯಾವಾಗ ವಾಸಿಯಾಯಿತು, ಈಗ ನಾನು ಸ್ವಂತ ತೀರ್ಮಾನ ತೆಗೆದುಕೊಳ್ಳಬಲ್ಲೆ ಅಂತ ಸ್ಪಷ್ಟವಾಗಿ ಬರೆದುಕೊಟ್ಟರು. ಫೀಸು ತೆಗೆದುಕೊಳ್ಳಲಿಲ್ಲ. "ಚಿಕಿತ್ಸೆಗೆ ಬಂದದ್ದು ನೀನು ಮಾಡಿದ ಒಳ್ಳೆ ಕೆಲಸ, ಅದಕ್ಕೆ ನಾಚಿಕೊಳ್ಳಬೇಡ" ಅಂದರು.

ಆಕ್ಷೇಪಣೆ ಬಂದ ದಿನದಿಂದ 30 ದಿನದೊಳಗೆ ವಿವಾಹಾಧಿಕಾರಿ ವಿಚಾರಣೆ ಮಾಡಿ ತೀರ್ಮಾನ ಹೇಳಬೇಕು. ನಮ್ಮ ವಿಚಾರಣೆ ಜುಲೈ 10ಕ್ಕೆ ಇತ್ತು. ದೊಡ್ಡಪ್ಪ ಊರಿನಿಂದ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ. "ಉಂಡ್ಯೇನವ್ವಾ?" ಅಂತ ಕೇಳಿದರು. ನನಗೆ ಉತ್ತರ ಬಾಯಿಗೆ ಬರಲಿಲ್ಲ.

ಮೇಡಂ ನನ್ನನ್ನು ಒಬ್ಬಳೇ ಒಳಗೆ ಕರೆದು ಬಾಗಿಲು ಹಾಕಿಸಿದರು. ಇಪ್ಪತ್ತು ನಿಮಿಷ ಮಾತಾಡಿಸಿದರು. ಕೆಲಸ ಏನು, ಸಂಬಳ ಯಾರ ಕೈಗೆ ಹೋಗುತ್ತದೆ, ಫೋನ್ ಯಾರಾದರೂ ಕಿತ್ತುಕೊಂಡಿದ್ದಾರಾ, ಮತ ಬದಲಿಸು ಅಂತ ಯಾರಾದರೂ ಹೇಳಿದ್ದಾರಾ. ಮಾಮು ಹೇಳಿದ್ದನ್ನೂ ಮುಚ್ಚಿಡದೆ ಹೇಳಿದೆ. ನಾನು ಒಪ್ಪಲಿಲ್ಲ, ಅವರು ಮತ್ತೆ ಕೇಳಲಿಲ್ಲ ಅಂದೆ. ಕೊರಳಿನ ಲಿಂಗ ತೋರಿಸಿದೆ. ಅವರು ಬರೆದುಕೊಂಡರು. ನಿಮಗೂ ಹೀಗೆ ವಿಚಾರಣೆ ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಂದು ಸಣ್ಣ ಸುಳ್ಳು ಸಿಕ್ಕಿಬಿದ್ದರೂ ಉಳಿದ ನಿಜಗಳ ಮೇಲೆ ನೆರಳು ಬೀಳುತ್ತದೆ.

ಜುಲೈ 16ಕ್ಕೆ ಲಿಖಿತ ಆದೇಶ ಬಂತು. ಆಕ್ಷೇಪಣೆ ತಿರಸ್ಕಾರ. ಸದುದ್ದೇಶವಿಲ್ಲದ ಆಕ್ಷೇಪಣೆ ಅಂತ ಕಂಡರೆ 1,000 ರೂಪಾಯಿವರೆಗೆ ವೆಚ್ಚ ಹಾಕಿ ನಮಗೆ ಕೊಡಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ನಾವು ಅದನ್ನು ಕೇಳಲಿಲ್ಲ. ಒಂದು ವೇಳೆ ಆಕ್ಷೇಪಣೆಯನ್ನು ಅಧಿಕಾರಿ ಎತ್ತಿಹಿಡಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು ಅನ್ನುವುದನ್ನೂ ತಿಳಿದಿಟ್ಟುಕೊಳ್ಳಿ.

ಮತ್ತೊಂದು ಲೆಕ್ಕ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಸತ್ತುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಅದಕ್ಕೇ ನಾವು ತಡ ಮಾಡಲಿಲ್ಲ. ಜುಲೈ 21 ಅಂತ ನಿಗದಿ ಆಯಿತು. "ಆಷಾಢದಲ್ಲಾ?" ಅಂದಳು ಗೆಳತಿ. ನನಗೂ ಒಂದು ಕ್ಷಣ ಚುರುಕ್ ಅಂತು. ಆದರೆ ಇನ್ನೊಂದು ವಾರ ಕಾಯುವ ಶಕ್ತಿ ಇಬ್ಬರಲ್ಲೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಹತ್ತೂವರೆಗೇ ಹೋದೆವು. ಸಾಕ್ಷಿಗಳು ಮೂವರು ಇರಲೇಬೇಕು. ಇವನ ಆಪಾ (ಅಕ್ಕ), ನನ್ನ ಗೆಳತಿ, ಇವನ ಆಫೀಸಿನ ಒಬ್ಬರು. ಆಫೀಸಿನವರು ಆಧಾರ್‌ನ ಫೋಟೊ ಮಾತ್ರ ಮೊಬೈಲಿನಲ್ಲಿ ತಂದಿದ್ದರು. ಅಸಲು ಬೇಕು ಅಂದರು. ಅವರು ಮನೆಗೆ ಹೋಗಿ ಬರುವವರೆಗೆ ಎರಡು ಗಂಟೆ ಬೆಂಚಿನ ಮೇಲೆ ಹಾರ ಇಟ್ಟುಕೊಂಡು ಕೂತೆವು. ಸಾಕ್ಷಿಗಳಿಗೆ ಹಿಂದಿನ ರಾತ್ರಿಯೇ ಇದನ್ನು ನೆನಪಿಸಿ.

ಮೊದಲು ಘೋಷಣೆಗೆ ಸಹಿ. ನಾವು, ಮೂವರು ಸಾಕ್ಷಿಗಳು, ಆಮೇಲೆ ಮೇಡಂ. ಅದಾದ ಮೇಲೆ ಕಾಯ್ದೆ ಹೇಳುವ ಒಂದು ಸಾಲನ್ನು ಒಬ್ಬರಿಗೊಬ್ಬರು ಹೇಳಬೇಕು. ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಆದೀತು. ಇವನ ಮನೆಮಾತು ದಖನಿ ಉರ್ದು. ಆದರೆ ನಾವು ಆರು ವರ್ಷ ಜಗಳ ಆಡಿದ್ದೂ ರಾಜಿ ಆದದ್ದೂ ಕನ್ನಡದಲ್ಲಿ. "ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ" ಅಂತ ಇವನು ಹೇಳಿದ. ನಾನು ಹೇಳುವಾಗ ಪತಿ ಅನ್ನುವ ಪದಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿತು. ಮೇಡಂ, "ನಿಧಾನ, ನಿಧಾನ" ಅಂದರು. ಎರಡನೇ ಸಲ ಪೂರ್ತಿ ಹೇಳಿದೆ. ಎಲ್ಲ ಸೇರಿ ಹತ್ತು ನಿಮಿಷ. ಆಪಾ ನನ್ನ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟಳು.

ಖರ್ಚಿನ ಲೆಕ್ಕ ಕೇಳುವವರಿಗೆ: ಅಫಿಡವಿಟ್‌ಗಳಿಗೆ 1,200, ಬಾಡಿಗೆ ಕರಾರಿಗೆ 800, ಫೋಟೊ ಜೆರಾಕ್ಸ್‌ಗೆ 350, ವಕೀಲೆಗೆ ಎರಡು ಭೇಟಿಗೆ 4,000, ಹಾರ ಸಿಹಿ 600. ಕಚೇರಿಯಲ್ಲಿ ಕಟ್ಟಿದ ಶುಲ್ಕ ಇದರ ಮುಂದೆ ತೀರಾ ಚಿಕ್ಕದು. ಯಾವುದಕ್ಕೂ ರಸೀದಿ ಕೇಳಿ ತೆಗೆದುಕೊಳ್ಳಿ. ನನ್ನದು ಒಟ್ಟು ಆರು ದಿನ ರಜೆ ಹೋಯಿತು.

ಪ್ರಮಾಣಪತ್ರ ಬಂದ ಮೇಲೆ ವಕೀಲೆ ಒಂದು ಮಾತು ಹೇಳಿದರು, ಅದನ್ನು ಮದುವೆಗೆ ಮುಂಚೆಯೇ ಕೇಳಿಸಿಕೊಳ್ಳಬೇಕಿತ್ತು. ಹಿಂದೂ ಅವಿಭಕ್ತ ಕುಟುಂಬದವರು ಈ ಕಾಯ್ದೆಯಡಿ ಬೇರೆ ಮತದವರನ್ನು ಮದುವೆಯಾದರೆ, ಸೆಕ್ಷನ್ 19ರ ಪ್ರಕಾರ ಆ ಕುಟುಂಬದಿಂದ ಬೇರೆಯಾದ ಹಾಗೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾದರೆ ಇದು ಅನ್ವಯಿಸುವುದಿಲ್ಲ. ನಮ್ಮಂಥವರ ಆಸ್ತಿ ಮುಂದೆ ಯಾರಿಗೆ ಹೇಗೆ ಹೋಗುತ್ತದೆ ಅನ್ನುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಇವನಿಗೂ ಅಷ್ಟೇ, ಶರಿಯತ್ ಪ್ರಕಾರದ ಹಂಚಿಕೆ ಇಲ್ಲ. ಮನೆಯಲ್ಲಿ ಜಮೀನು ಇರುವವರು ಸಹಿ ಮಾಡುವ ಮುಂಚೆ ಒಂದು ಗಂಟೆ ವಕೀಲರ ಹತ್ತಿರ ಕೂತು ಇದನ್ನು ಕೇಳಿ. ನಮಗೆ ಉಯಿಲು ಬರೆಸುವ ಕೆಲಸ ಇನ್ನೂ ಬಾಕಿ ಇದೆ.

ಕುಟುಂಬದಿಂದ ಬೇರೆಯಾದ ಹಾಗೆ ಅನ್ನುವ ಸಾಲನ್ನು ಓದಿದಾಗ ನನಗೆ ಆಸ್ತಿ ನೆನಪಾಗಲಿಲ್ಲ. ಗದ್ದೆ ಬದುವಿನ ಮೇಲೆ ದೊಡ್ಡಪ್ಪನ ಹಿಂದೆ ನಡೆದದ್ದು ನೆನಪಾಯಿತು.

ಅಪ್ಪಾಜಿ ಇನ್ನೂ ಮಾತಾಡಿಲ್ಲ. ದೊಡ್ಡಪ್ಪನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವ್ವ ಮೊನ್ನೆ ರಾತ್ರಿ ತಾನಾಗಿ ಮಾಡಿದ್ದಳು. ಬಹಳ ಹೊತ್ತು ಏನೂ ಹೇಳಲಿಲ್ಲ. ಹಿಂದೆ ಟಿವಿ ಸದ್ದು ಕೇಳುತ್ತಿತ್ತು.

"ಕೊರಳಾಗೆ ಲಿಂಗ ಐತೇನೇ?" ಅಂದಳು.

"ಐತೆ ಅವ್ವಾ" ಅಂದೆ.